ಬಿಳಿ ಗೋಡೆಯ ಮುಂದೆ ಬಿಳಿ ಸೆರಗು

ಕಳೆದ ವಾರ ನನ್ನ ಸೋದರತ್ತೆ ತನ್ನದೇ ಒಂದು ಸ್ಟಿಕ್ಕರ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದಳು. ಫೋಟೋದ ಮೇಲೆ ಬೆರಳಿಟ್ಟು ಒಂದು ಕ್ಷಣ ಒತ್ತಿ ಹಿಡಿದರೆ ಸಾಕಂತೆ, ಫೋನೇ ಮನುಷ್ಯರನ್ನು ಹಿನ್ನೆಲೆಯಿಂದ ಎತ್ತಿ ಕೊಡುತ್ತದಂತೆ. ಅತ್ತೆಗೆ ಈ ವಿದ್ಯೆ ಹೊಸದು, ಹಾಗಾಗಿ ದಿನಕ್ಕೆ ನಾಲ್ಕು ಬರುತ್ತಿವೆ. ಇದರಲ್ಲಿ ಅವಳು ಕೈಮುಗಿದು ನಗುತ್ತಿದ್ದಾಳೆ, ಎಲ್ಲ ಸರಿ, ಆದರೆ ಹೆಗಲ ಮೇಲಿನ ಅರ್ಧ ಸೆರಗು ಮಾಯ. ಕೆನೆಬಣ್ಣದ ಸೀರೆ, ಕೆನೆಬಣ್ಣದ ಗೋಡೆ. ಸೀರೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಫೋನಿಗೆ ತಿಳಿದಿಲ್ಲ. ಮೊದಲು ನಗು ಬಂತು. ಇಲಿ ಕಡಿದಂತಿದ್ದ ಆ ಅಂಚನ್ನು ನೋಡುತ್ತ ಕೂತವಳಿಗೆ ಆಮೇಲೆ ಸ್ಟುಡಿಯೋ ಕಾಕಾ ನೆನಪಾದರು...

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಆಗ ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ನಮ್ಮ ಮನೆ ಧಾರವಾಡದ ಲಕಮನಹಳ್ಳಿಯಲ್ಲಿ, ಕಾಲೇಜು ಹುಬ್ಬಳ್ಳಿಯ ಹಾದಿಯಲ್ಲಿ ರಾಯಾಪುರದ ಆಚೆ. ನಾನು ಬಸ್ ಹತ್ತುವ ಸ್ಟಾಪಿನ ಎದುರೇ ಕಾಕಾ ಅವರ ಫೋಟೋ ಸ್ಟುಡಿಯೋ. ಹತ್ತಡಿ ಅಗಲದ ಜಾಗ. ಮುಂದೆ ಒಂದು ಕಂಪ್ಯೂಟರು, ಒಳಗೆ ನೀಲಿ ಪರದೆ, ಒಂದು ಸ್ಟೂಲು, ಕೂದಲು ಸರಿಮಾಡಿಕೊಳ್ಳಲು ಹಲ್ಲು ಮುರಿದ ಬಾಚಣಿಗೆ. ಪಾಸ್‌ಪೋರ್ಟ್ ಫೋಟೋ ಯಾರು ಬೇಕಾದರೂ ತೆಗೆಯುತ್ತಿದ್ದರು. ಕಾಕಾ ಹೆಸರಾಗಿದ್ದದ್ದು ಬೇರೆಯದೇ ಕೆಲಸಕ್ಕೆ. ಮನೆಯಲ್ಲಿ ಹಿರಿಯರು ತೀರಿಕೊಂಡರೆ ಗೋಡೆಗೆ ಹಾಕಲು ಒಂದು ಫೋಟೋ ಬೇಕಲ್ಲ. ಎಷ್ಟೋ ಮನೆಗಳಲ್ಲಿ ಅಜ್ಜಿಯದೋ ತಾಯಿಯದೋ ಒಂಟಿ ಫೋಟೋ ಇರುವುದೇ ಇಲ್ಲ. ಯಾವುದೋ ತೊಟ್ಟಿಲ ಕಾರ್ಯಕ್ರಮದ ಗುಂಪಿನಲ್ಲಿ, ಹಿಂದಿನ ಸಾಲಿನಲ್ಲಿ, ಯಾರದೋ ಹೆಗಲ ಪಕ್ಕ ಅರ್ಧ ನಿಂತಿರುತ್ತಾರೆ. ಆ ಗುಂಪಿನಿಂದ ಅವರೊಬ್ಬರನ್ನೇ ಅಂಚು ಕೆಡದಂತೆ ಬಿಡಿಸಿ, ದೊಡ್ಡದು ಮಾಡಿ, ತಿಳಿನೀಲಿ ಹಿನ್ನೆಲೆಯ ಮೇಲೆ ಕೂರಿಸಿ ಕೊಡುವುದು ಕಾಕಾನ ಕೈಚಳಕ. ನವಲಗುಂದದಿಂದ, ಕಲಘಟಗಿಯಿಂದ ಜನ ಹುಡುಕಿಕೊಂಡು ಬರುತ್ತಿದ್ದರು.

ಇತ್ತ ನನ್ನ ಪ್ರಾಜೆಕ್ಟು ಕೂಡ ಅದೇ, ಚಿತ್ರದೊಳಗಿನ ವಸ್ತುವಿನ ಅಂಚು ಹುಡುಕುವುದು! ಆದರೆ ಈ ಎರಡೂ ಒಂದೇ ಎಂದು ನನಗೆ ಹೊಳೆದಿರಲೇ ಇಲ್ಲ. ನಾನು ದೊಡ್ಡ ದೊಡ್ಡ ಸಮೀಕರಣಗಳ ಗುಂಗಿನಲ್ಲಿದ್ದೆ. ವಿಧಾನ ಕೇಳಲು ಸರಳ. ಚಿತ್ರದ ಮೇಲೆ ವಸ್ತುವಿನ ಸುತ್ತ ಒಂದು ಸಡಿಲ ಗೆರೆ ಎಳೆಯುತ್ತೀರಿ, ಆರಂಭ ಕೊನೆ ಕೂಡಿದ ಬಳೆಯಂಥ ಗೆರೆ. ಅದು ನಿಜಕ್ಕೂ ನೂರಾರು ಬಿಂದುಗಳ ಸಾಲು. ಅದಕ್ಕೆ ಮೂರು ಗುಣ ಕೊಡುತ್ತೀರಿ. ಸಾಧ್ಯವಾದಷ್ಟು ಕುಗ್ಗು, ಸಟಕ್ಕನೆ ಮೂಲೆ ಮುರಿಯಬೇಡ, ಬೆಳಕು ಕತ್ತಲೆ ಬದಲಾಗುವ ಕಡೆಗೆ ಸರಿ. ಇಷ್ಟು ಹೇಳಿ ಬಿಟ್ಟರೆ ಗೆರೆ ತಾನೇ ತೆವಳುತ್ತ ಹೋಗಿ ವಸ್ತುವಿನ ಮೈಗೆ ಅಂಟಿಕೊಳ್ಳಬೇಕು. ತೆವಳುತ್ತದೆ ಎಂದೇ ಅದಕ್ಕೆ ಇಂಗ್ಲಿಷಿನಲ್ಲಿ ಹಾವಿನ ಹೆಸರು. ಓದಿದ ದಿನ ನನಗೆ ರೋಮಾಂಚನವಾಗಿತ್ತು. ಗೆರೆಗೂ ಒಂದು ಸ್ವಭಾವ ಇರಬಹುದು ಎನ್ನುವುದೇ ಎಂಥ ಚೆಂದದ ಮಾತು! ಆದರೆ ನನ್ನ ಹಾವು ಮಾತ್ರ ಮುಖವನ್ನು ಕ್ಯಾರೇ ಅನ್ನದೆ, ಕುಗ್ಗುತ್ತ ಕುಗ್ಗುತ್ತ ಮೂಗಿನ ತುದಿಯಲ್ಲಿ ಒಂದು ಚುಕ್ಕಿಯಾಗಿ ಪ್ರಾಣ ಬಿಡುತ್ತಿತ್ತು. ಮೂರು ವಾರ ಹೀಗೇ.

ಹಾಲ್‌ಟಿಕೆಟ್ಟಿಗೆ ಫೋಟೋ ಬೇಕೆಂದು ಒಂದು ದಿನ ಸ್ಟುಡಿಯೋಕ್ಕೆ ಹೋಗಿದ್ದೆ. ಪ್ರಿಂಟ್ ಬರುವವರೆಗೆ ಸುಮ್ಮನೆ ಕೂರಲಾರದೆ ಲ್ಯಾಪ್‌ಟಾಪ್ ತೆರೆದು ಮತ್ತೊಮ್ಮೆ ನನ್ನ ಹಾವನ್ನು ಬಿಟ್ಟೆ. ಹಿಂದಿನಿಂದ ಕಾಕಾ ಬಗ್ಗಿ ನೋಡುತ್ತಿದ್ದದ್ದು ನನಗೆ ಗೊತ್ತಾಗಲಿಲ್ಲ.

"ತಂಗಿ, ಇದ್ಯಾಕ ಹಿಂಗ ಕುಗ್ಗಿ ಕುಗ್ಗಿ ಚುಕ್ಕಿ ಆತು?"

"ಮುಖದ ಅಂಚು ಹಿಡೀಬೇಕಿತ್ರಿ ಕಾಕಾ. ಹಿಡೀವಲ್ತು. ಇದಕ್ಕ ಹಾವು ಅಂತಾರ್ರಿ."

"ಹಾವು ಗೀವು ಅನಬ್ಯಾಡ ಅಂಗಡ್ಯಾಗ. ದಾರ ಅನ್ನು." ಎಂದವರೇ ಒಳಗೆ ಹೋಗಿ ಒಂದು ಹಳೆಯ ಪ್ರಿಂಟು, ಕಪ್ಪು ಹೊಲಿಗೆ ದಾರ, ಒಂದು ಬೆಂಕಿಕಡ್ಡಿ, ಬಸಿಯಲ್ಲಿ ನೀರು ತಂದರು. ಕಂಪ್ಯೂಟರ್ ಬರುವ ಮೊದಲು ಅವರು ದಾರದಿಂದಲೇ ಅಂಚು ಗುರುತಿಸಿ ಕತ್ತರಿಸುತ್ತಿದ್ದರಂತೆ. ದಾರವನ್ನು ನೀರಿನಲ್ಲಿ ಅದ್ದಿ, ಪ್ರಿಂಟಿನ ಮೇಲೆ ಮುಖದ ಸುತ್ತ ಸಡಿಲವಾಗಿ ಇಳಿಬಿಟ್ಟರು. ಎರಡೂ ತುದಿ ಎಡಗೈ ಹೆಬ್ಬೆರಳ ಕೆಳಗೆ. ಬಲ ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದು, ಕಡ್ಡಿಯಿಂದ ದಾರವನ್ನು ಕೆನ್ನೆಯ ಕಡೆಗೆ ಒಂದಿಷ್ಟು ತಳ್ಳುವುದು, ಎಡಗೈಯಿಂದ ಸಡಿಲನ್ನು ಒಂದಿಷ್ಟು ಎಳೆದುಕೊಳ್ಳುವುದು. ತಳ್ಳು, ಎಳೆ, ತಳ್ಳು, ಎಳೆ. ಒಣ ದಾರವಾದರೆ ಪುಟಿದು ನಿಲ್ಲುತ್ತದೆ, ಒದ್ದೆ ದಾರ ಬಾಗಿದಲ್ಲಿ ಬಾಗಿಕೊಂಡೇ ಇರುತ್ತದೆ, ಆದರೆ ಎಲ್ಲೂ ಮೂಲೆ ಮುರಿಯುವುದಿಲ್ಲ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ನನ್ನ ಪುಸ್ತಕದ ಎರಡು ಪುಟದ ಸಮೀಕರಣ, ಒಂದು ಬಸಿ ನೀರು ಮತ್ತು ಒಂದು ಮೊಳ ದಾರದಲ್ಲಿ ಕಣ್ಣೆದುರು ನಡೆಯುತ್ತಿತ್ತು!

ಅದಕ್ಕಿಂತ ದೊಡ್ಡ ಪಾಠ ಅವರು ದಾರ ಮುಟ್ಟುವ ಮೊದಲೇ ಮಾಡಿದ್ದರು. ಪ್ರಿಂಟ್ ಕೈಗೆತ್ತಿಕೊಂಡೊಡನೆ ಕಣ್ಣಿನ ಚಾಳೀಸು ತೆಗೆದು ಜೇಬಿಗಿಟ್ಟಿದ್ದರು. ಯಾಕೆಂದು ಕೇಳಿದೆ.

"ಚಾಳೀಸ ಹಾಕ್ಕೊಂಡು ನೋಡಿದ್ರ ಕೂದಲ ಕಾಣ್ತಾವ, ಮನಶ್ಯಾ ಕಾಣೂದಿಲ್ಲ. ಮೊದಲ ಮಂಜ ಮಂಜ ನೋಡಬೇಕು. ದಾರ ಹತ್ತರ ಬಂದ ಮ್ಯಾಲ ಚಾಳೀಸ."

ಅಂದು ಬಸ್ಸಿನಲ್ಲಿ ನಾನು ನಿಂತಲ್ಲಿ ನಿಲ್ಲಲಿಲ್ಲ. ಕಾಲೇಜಿನ ಸ್ಟಾಪು ಬಂದದ್ದೂ ತಿಳಿಯದೆ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದೆ. ಲ್ಯಾಬಿಗೆ ಹೋದವಳೇ ಚಿತ್ರವನ್ನು ಮೊದಲು ಚೆನ್ನಾಗಿ ಮಸುಕು ಮಾಡಿದೆ. ಮಸುಕಾದಾಗ ಅಂಚು ಅಗಲವಾಗುತ್ತದೆ, ಅದರ ಸೆಳೆತ ದೂರದಲ್ಲಿರುವ ಗೆರೆಗೂ ಮುಟ್ಟುತ್ತದೆ. ಗೆರೆ ಹತ್ತಿರ ಬಂದಮೇಲೆ ಮಸುಕನ್ನು ಹಂತಹಂತವಾಗಿ ಇಳಿಸಿದೆ. ನನ್ನ ದಾರ ಸರಸರನೆ ಒಳಗೆ ಬಂತು, ಕೆನ್ನೆ ಮುಟ್ಟಿತು, ಗದ್ದ ಸುತ್ತಿತು, ಕಿವಿಯ ಬಳಿ ಸ್ವಲ್ಪ ಅನುಮಾನಿಸಿತು, ಕೂತೇಬಿಟ್ಟಿತು. ನಾನು ಕುರ್ಚಿಯಿಂದ ಎದ್ದು ಕುಣಿದದ್ದನ್ನು ಲ್ಯಾಬಿನ ಸಹಾಯಕಿ ಇವತ್ತಿಗೂ ಹೇಳಿ ನಗುತ್ತಾರೆ. ನಾಚಿಕೆಯೇನಿಲ್ಲ, ಇನ್ನೊಮ್ಮೆ ಅಂಥದ್ದು ಕಂಡರೆ ಇನ್ನೊಮ್ಮೆ ಕುಣಿದೇನು.

ಮರುದಿನ ಕಾಕಾಗೆ ತೋರಿಸಿದೆ. ಅವರು ನಗಲಿಲ್ಲ. ಅದೇ ದಾರವನ್ನು ನಾಲ್ಕು ಸಲ ಮತ್ತೆ ಮತ್ತೆ ಓಡಿಸಲು ಹೇಳಿದರು. ಆಮೇಲೆ ಬಲಗೈಯನ್ನು ಮೇಜಿನ ಮೇಲೆ ಚಾಚಿ ಇಟ್ಟರು. ಅದು ನಡುಗುತ್ತಿತ್ತು, ಸಣ್ಣಗೆ, ಬಿಡದೆ. ಹಿಂದಿನ ದಿನ ದಾರ ತಳ್ಳುವಾಗ ಅವರು ಮಣಿಕಟ್ಟನ್ನು ಯಾಕೆ ಮೇಜಿಗೆ ಒತ್ತಿ ಹಿಡಿದಿದ್ದರೆಂದು ಆಗ ಅರ್ಥವಾಯಿತು.

"ಈ ಕೈ ನನ್ನ ಮಾತ ಕೇಳವಲ್ತು ತಂಗಿ. ಮೌಸ್ ಹಿಡಕೊಂಡು ಮುಖದ ಸುತ್ತ ಚುಕ್ಕಿ ಇಡೂದಂದ್ರ ಎಲ್ಲೆಲ್ಲೋ ಹೊಕ್ಕತಿ. ಈ ಕೆಲಸ ಬಿಟ್ಟಬಿಡೂದ ಅಂತ ಮಾಡಿದ್ನಿ. ನಿನ್ನ ದಾರ ತಾನ ನಡಿಯೂದ ಖರೇ ಇದ್ರ, ಬಿಡೂದಿಲ್ಲ."

ನನ್ನ ಮಟ್ಟಿಗೆ ಅದುವರೆಗೆ ಅದೊಂದು ಪ್ರಾಜೆಕ್ಟು, ಅಂಕಗಳ ವಿಷಯ. ಅವರ ಮಟ್ಟಿಗೆ ಅದು ನಲವತ್ತು ವರ್ಷದ ಕೆಲಸ ಉಳಿಯುವುದೋ ಹೋಗುವುದೋ ಎಂಬ ಪ್ರಶ್ನೆ. ಅಂದೇ ಅವರ ಕಂಪ್ಯೂಟರಿನಲ್ಲಿ ನನ್ನ ಪ್ರೋಗ್ರಾಂ ಹಾಕಿಕೊಟ್ಟೆ. ಆಮೇಲಿನ ಎರಡು ತಿಂಗಳು... ಅಂಥ ಸಡಗರದ ದಿನಗಳು ನನ್ನ ಬದುಕಿನಲ್ಲಿ ಕಡಿಮೆ. ಕಾಲೇಜು ಬಿಟ್ಟೊಡನೆ ಸ್ಟುಡಿಯೋ. ರುಮಾಲು ಸುತ್ತಿದ ಅಜ್ಜಂದಿರು, ಮೂಗುತಿಯ ಅಜ್ಜಿಯರು, ಕೋಟು ತೊಟ್ಟ ಸಾಲಿ ಮಾಸ್ತರರು, ಒಬ್ಬೊಬ್ಬರೂ ಗುಂಪಿನಿಂದ ಬಿಡಿಸಿಕೊಂಡು ನೀಲಿ ಹಿನ್ನೆಲೆಗೆ ಬಂದು ಕೂರುತ್ತಿದ್ದರು. ದಾರ ಸರಿಯಾಗಿ ಕೂತಾಗೆಲ್ಲ ಕಾಕಾ "ಬಂತು" ಎನ್ನುತ್ತಿದ್ದರು. ಅಷ್ಟೇ, ಬೇರೆ ಹೊಗಳಿಕೆ ಇಲ್ಲ. ಆ ಒಂದು ಮಾತಿಗಾಗಿ ನಾನು ಎರಡು ಬಸ್ ತಪ್ಪಿಸಿಕೊಳ್ಳುತ್ತಿದ್ದೆ.

ಹೆಮ್ಮೆ ತಲೆಗೇರಿದ್ದೂ ಆಗಲೇ. ಒಂದು ದಿನ ನನ್ನಮ್ಮನ ವಯಸ್ಸಿನ ಒಬ್ಬ ಹೆಂಗಸು ಬಂದಳು. ತಾಯಿ ತೀರಿಕೊಂಡಿದ್ದರು. ಇದ್ದದ್ದು ಒಂದೇ ಫೋಟೋ, ಸುಣ್ಣ ಬಳಿದ ಗೋಡೆಯ ಮುಂದೆ ಹನ್ನೆರಡು ಜನರ ಗುಂಪು. ತಾಯಿ ಬಿಳಿ ಸೀರೆಯಲ್ಲಿ ತುದಿಗೆ ಕೂತಿದ್ದರು. ಮೂರು ದಿನ ಬಿಟ್ಟು ಕಾರ್ಯ, ಅದರ ಹಿಂದಿನ ದಿನ ಫೋಟೋ ಕೈಗೆ ಬೇಕು. ನಾನು ದಾರ ಬಿಟ್ಟೆ. ಒಂದೇ ಸಲಕ್ಕೆ ಕೂತಿತು. ಕಪ್ಪು ಕೂದಲಿನ ಸುತ್ತ ಎಷ್ಟು ನಯವಾದ ಅಂಚೆಂದರೆ, ಅದುವರೆಗಿನ ನನ್ನ ಎಲ್ಲ ಕೆಲಸಕ್ಕಿಂತ ಅದು ಚೆಂದ. "ಒಮ್ಮೆ ಮೂಲ ಫೋಟೋ ಇಟ್ಟು ನೋಡೂಣೇನು?" ಎಂದು ಕಾಕಾ ಕೇಳಿದರು. "ಬ್ಯಾಡ್ರಿ ಕಾಕಾ, ಭಾಳ ಛಲೋ ಬಂದೈತಿ" ಎಂದೆ. ಅವರು ನನ್ನ ಮಾತಿಗೆ ಹ್ಞೂಂ ಎಂದರು. ಫೋಟೋ ದೊಡ್ಡದಾಯಿತು, ಕಟ್ಟು ಹಾಕಿಸಿದ್ದಾಯಿತು.

ಹೇಳಿದ ದಿನ ಮಧ್ಯಾಹ್ನ ಆಕೆ ಬಂದಳು. ಸುತ್ತಿದ ಪೇಪರು ಬಿಚ್ಚಿ ನೋಡಿದಳು. ನೋಡುತ್ತಲೇ ಇದ್ದಳು.

"ಕಾಕಾರ... ನಮ್ಮವ್ವನ ತಲಿ ಮ್ಯಾಲ ಸೆರಗ ಇಲ್ಲಲ್ರಿ."

ಮೂಲ ಫೋಟೋ ತೆಗೆದು ಪಕ್ಕ ಹಿಡಿದೆ. ಅದರಲ್ಲಿ ಆ ತಾಯಿ ತಲೆಯ ಮೇಲೆ ಸೆರಗು ಹೊದ್ದಿದ್ದರು. ಬಿಳಿ ಸೆರಗಿನ ಹಿಂದೆ ಬಿಳಿ ಗೋಡೆ. ನನ್ನ ದಾರಕ್ಕೆ ಅಲ್ಲಿ ಅಂಚೇ ಕಂಡಿರಲಿಲ್ಲ, ಸೆರಗನ್ನು ದಾಟಿ ಕಪ್ಪು ಕೂದಲಿಗೆ ಹೋಗಿ ಕಚ್ಚಿಕೊಂಡಿತ್ತು. ನಾನು ಮೆಚ್ಚಿ ಬೀಗಿದ ಆ ನಯವಾದ ಗೆರೆ ಒಬ್ಬ ತಾಯಿಯ ಸೆರಗನ್ನು ಕತ್ತರಿಸಿ ಗೋಡೆಗೆ ಕೊಟ್ಟಿತ್ತು.

"ಮನ್ಯಾಗ ನಮ್ಮ ಮುಂದ ಸೈತ ಆಕಿ ತಲಿ ಮ್ಯಾಲಿನ ಸೆರಗ ಇಳಿಸಿದಾಕಿ ಅಲ್ರಿ," ಎಂದಳು ಆಕೆ. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ವಾಸಿಯಿತ್ತು. "ನಾಳೆ ಮಂದಿ ಎಲ್ಲಾ ಬರ್ತಾರ. ಹಿಂಗ ಹೆಂಗ ಇಡಲಿ ಆಕಿನ್ನ?"

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿದರು, "ತಪ್ಪು ನಂದವಾ. ಸಂಜಿ ಐದಕ್ಕ ಬಾ. ಸೆರಗ ಬಂದಿರ್ತೈತಿ."

ಆಕೆ ಹೋದಮೇಲೆ ನಾನು ಅತ್ತುಬಿಟ್ಟೆ. ಕಾಕಾ ಅದನ್ನು ಗಮನಕ್ಕೇ ತಂದುಕೊಳ್ಳದೆ ಸ್ಟೂಲು ಎಳೆದುಕೊಂಡು ಪಕ್ಕ ಕೂತರು. ಗೆರೆಯನ್ನು ಮತ್ತೆ ಹೊರಗಿನಿಂದ ಬಿಟ್ಟೆ. ಕೂದಲಿಗೆ ಜಾರಿತು. ಕುಗ್ಗುವ ಹಠ ಕಡಿಮೆ ಮಾಡಿ ಬಿಟ್ಟೆ. ತಡವಾಗಿ ಹೋಗಿ ಕೂದಲಿಗೇ ಜಾರಿತು. ಒಳಗಿನಿಂದ ಬಲೂನಿನ ಹಾಗೆ ಊದಿಸಿ ನೋಡಿದೆ. ಅದು ಸೆರಗನ್ನೂ ದಾಟಿ ಗೋಡೆಯ ಮೇಲೆಲ್ಲ ಹರಡಿಕೊಂಡಿತು. ಮೂರೂವರೆ ಆಯಿತು. ಕಾಕಾ ಕೈಯಿಂದಲೇ ಮಾಡಲು ಮೌಸ್ ಹಿಡಿದರು. ಬಾಣದ ಗುರುತು ಪರದೆಯ ತುಂಬ ಅಲೆದಾಡಿತು. ಮೌಸನ್ನು ಮೆಲ್ಲನೆ ಬದಿಗಿಟ್ಟರು. ಆ ಕ್ಷಣದ ಅವರ ಮುಖ ನನಗೆ ನೋಡಲಾಗಲಿಲ್ಲ.

ಆಮೇಲೆ ಕೇಳಿದರು, "ನಿನ್ನ ದಾರಕ್ಕ ಗುಂಡಸೂಜಿ ಚುಚ್ಚಾಕ ಬರ್ತೈತೇನು?"

ದಾರದ ಕಾಲದಲ್ಲಿ ಅವರು ಹಾಗೆ ಮಾಡುತ್ತಿದ್ದರಂತೆ. ಮೊದಲು ಫೋಟೋದ ಪ್ರತಿ ತೆಗೆದುಕೊಳ್ಳುವುದು. ಅಂಚು ಕಾಣದ ಕಡೆ ಪ್ರತಿಯ ಮೇಲೆ ಎರಡೋ ಮೂರೋ ಸೂಜಿ ಚುಚ್ಚಿ, ದಾರವನ್ನು ಅವುಗಳ ಹೊರಗಿನಿಂದ ಹಾಯಿಸುವುದು. ಎಳೆದಾಗ ದಾರ ಸೂಜಿಗೆ ತಡೆದು ನಿಲ್ಲುತ್ತದೆ, ಒಳಗೆ ಜಾರುವುದಿಲ್ಲ.

ನಾನು ಹಣೆ ಚಚ್ಚಿಕೊಂಡೆ. ಇದು ನನ್ನ ಓದಿನಲ್ಲೇ ಇತ್ತು! ಬೇಕಾದ ಬಿಂದುವಿಗೆ ಗೆರೆಯನ್ನು ಸ್ಪ್ರಿಂಗಿನಿಂದ ಕಟ್ಟಿಹಾಕಬಹುದು, ಮನುಷ್ಯ ಪಕ್ಕದಲ್ಲಿ ಕೂತು ಗೆರೆಗೆ ದಾರಿ ತೋರಿಸಬಹುದು ಎಂದು ಮೊದಲ ಪುಟಗಳಲ್ಲೇ ಬರೆದಿತ್ತು. ಎಲ್ಲವನ್ನೂ ಕಂಪ್ಯೂಟರೇ ಮಾಡಬೇಕು, ಮನುಷ್ಯನ ಕೈ ತಾಗಿದರೆ ಪ್ರಾಜೆಕ್ಟಿನ ಮರ್ಯಾದೆ ಹೋದೀತು ಎಂದು ನಾನೇ ಅದನ್ನು ಹಾರಿಸಿ ಓದಿದ್ದೆ. ಅಲ್ಲೇ ಕೂತು ಬರೆದೆ, ಹೆಚ್ಚೆಂದರೆ ಇಪ್ಪತ್ತು ಸಾಲು. ಬೆರಳು ಅವಸರಕ್ಕೆ ತಪ್ಪು ತಪ್ಪಾಗಿ ಹೊಡೆಯುತ್ತಿತ್ತು.

ಸೂಜಿ ಎಲ್ಲಿ ಚುಚ್ಚುವುದು? ನನ್ನ ಕಣ್ಣಿಗೆ ಬರೀ ಬಿಳಿ. ಕಾಕಾ ಚಾಳೀಸು ತೆಗೆದರು. ಮುಖ ಹಿಂದಕ್ಕೆ ತಂದು, ಮುಂದಕ್ಕೆ ಒಯ್ದು, ಬಹಳ ಹೊತ್ತು ಪರದೆಯನ್ನು ನೋಡಿದರು. ಆಮೇಲೆ ಆ ನಡುಗುವ ಬೆರಳನ್ನು ಎಡಗೈಯಿಂದ ಹಿಡಿದುಕೊಂಡು ಗಾಜಿಗೆ ಒತ್ತಿದರು. "ಇಲ್ಲೆ, ಹಣಿ ಮ್ಯಾಲ. ಇಲ್ಲೆ, ಕಿವಿ ಹಿಂದ ಸೆರಗ ಉಬ್ಬೇತಿ ನೋಡು. ಇಲ್ಲೆ, ಹೆಗಲಿಗೆ ಇಳೀತು." ಅವರು ಮುಟ್ಟಿದ ಮೇಲೆ ನನಗೂ ಕಂಡಿತು, ಉಸಿರಿನಷ್ಟು ತೆಳುವಾದ ನೆರಳು. ಮೂರು ಸೂಜಿ ಚುಚ್ಚಿ ದಾರ ಬಿಟ್ಟೆ.

ದಾರ ಇಳಿಯಿತು. ಹಣೆಯ ಮೇಲಿನ ಸೂಜಿಗೆ ತಡೆಯಿತು. ಕಿವಿಯ ಹಿಂದೆ ತಡೆಯಿತು. ಹೆಗಲಿಗೆ ತಡೆಯಿತು. ನಡುವೆ ಎಲ್ಲೂ ಅಂಚು ಕಾಣದಿದ್ದರೂ, ಮೂಲೆ ಮುರಿಯಲಾರೆ ಎಂಬ ತನ್ನ ಸ್ವಭಾವದಿಂದಲೇ ಸೂಜಿಯಿಂದ ಸೂಜಿಗೆ ಮೆತ್ತಗೆ ಬಾಗಿ, ಸೆರಗು ಹೇಗೆ ಬೀಳಬೇಕೋ ಹಾಗೆ ಬಿತ್ತು. ತಾಯಿಯ ತಲೆಯ ಮೇಲೆ ಸೆರಗು ಬಂದಿತ್ತು. ಕಾಕಾ "ಬಂತು" ಎಂದರು, ಚಾಳೀಸು ಮತ್ತೆ ಏರಿಸಿಕೊಂಡರು.

ಐದಕ್ಕೆ ಮಗಳು ಬಂದಳು. ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಫೋಟೋವನ್ನು ಮೇಜಿನ ಮೇಲೆ ನಿಲ್ಲಿಸಿ, ತನ್ನ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಗ್ಗಿ ನಮಸ್ಕರಿಸಿದಳು. ಸ್ಟುಡಿಯೋದಲ್ಲಿ ನಾವಿಬ್ಬರೂ ಎದ್ದು ನಿಂತೆವು.

ಆಮೇಲೆ ಕಾಕಾ ಕೆಲಸ ಬಿಡುವ ಮಾತೆತ್ತಲಿಲ್ಲ. "ಮೂರು ಚುಕ್ಕಿ ತೋರಸಾಕ ಈ ಕೈ ಸಾಕು" ಎನ್ನುತ್ತಿದ್ದರು. ಮೌಸಿನ ಬಾಣ ನಡುಗದೆ ನಿಲ್ಲುವಂತೆ ನಾನು ಪ್ರೋಗ್ರಾಮಿನಲ್ಲಿ ಒಂದು ಅನುಕೂಲ ಮಾಡಿಕೊಟ್ಟೆ. ಮುಂದೆ ಮೂರು ವರ್ಷ ಅವರ ಕೆಲಸ ಹಾಗೆ ನಡೆಯಿತು. ನಾನು ಓದು ಮುಗಿಸಿದೆ, ಹುಬ್ಬಳ್ಳಿಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು, ಅಲ್ಲೇ ಮನೆ ಮಾಡಿದೆ.

ಒಂದು ಬೇಸಿಗೆಯಲ್ಲಿ ಅವರ ಫೋನ್ ಬಂತು. ಹಳೆಯ ಕಂಪ್ಯೂಟರ್ ಕೆಟ್ಟಿತ್ತಂತೆ, ಹೊಸದರಲ್ಲಿ ದಾರ ಓಡುವುದಿಲ್ಲವಂತೆ. "ಲಗೂ ಬಾ ತಂಗಿ" ಎಂದರು. ಭಾನುವಾರ ಬರುತ್ತೇನೆ ಎಂದೆ. ಆ ಭಾನುವಾರ ಹೋಗಲಿಲ್ಲ. ನಾನು ಒಂದು ಲೇಖನ ಬರೆಯುವ ಗಡಿಬಿಡಿಯಲ್ಲಿದ್ದೆ. ಮನುಷ್ಯ ತೋರಿಸುವ ಬಿಂದುಗಳಿಂದ ಗೆರೆಯನ್ನು ಹೇಗೆ ಹಿಡಿದು ನಿಲ್ಲಿಸಬಹುದು ಎನ್ನುವುದೇ ಆ ಲೇಖನ. ಮುಂದಿನ ಭಾನುವಾರವೂ ಆಗಲಿಲ್ಲ. ಅದರ ಮುಂದಿನದೂ... ಇಪ್ಪತ್ತು ಕಿಲೋಮೀಟರು, ಮನೆಯ ಮುಂದೆಯೇ ಬಸ್ಸು. ನೆವ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಕೊನೆಗೂ ಹೋದಾಗ ಸ್ಟುಡಿಯೋ ಬಾಗಿಲು ಹಾಕಿತ್ತು. ಎರಡು ದಿನದ ಜ್ವರದಲ್ಲಿ ಹೋಗಿಬಿಟ್ಟರು ಎಂದು ಪಕ್ಕದ ಅಂಗಡಿಯವರು ಹೇಳಿದರು. ಮನೆ ಹುಡುಕಿಕೊಂಡು ಹೋದೆ. ಗೋಡೆಯ ಮೇಲೆ ಕಾಕಾ ಇದ್ದರು. ಯಾರೋ ಅವಸರದಲ್ಲಿ ಬಿಡಿಸಿದ ಫೋಟೋ, ಎಡಗಿವಿ ಅರ್ಧ ಹೋಗಿತ್ತು. ನಾನು ತಲೆ ತಗ್ಗಿಸಿದೆ. ಅವರ ಹೆಂಡತಿ, ನಮಗೆಲ್ಲ ಕಾಕು, ಒಳಗಿನಿಂದ ಒಂದು ದಪ್ಪ ಲಕೋಟೆ ತಂದು ಕೈಗಿತ್ತರು.

"ನೀ ಬಂದ್ರ ಕೊಡು ಅಂದಿದ್ರವಾ. ಮಂದಿಗೆ ಇಲ್ಲ ಅನ್ನಲಿಲ್ಲ ಅವ್ರು. ಆಕಿ ಬರ್ತಾಳ, ಬಂದ ಕೂಡ್ಲೆ ಮಾಡ್ತಾಳ ಅಂತ ಹೇಳಿ ಫೋಟೋ ಇಸಗೊಂಡು ಇಟ್ಟಗೊಂತಿದ್ರು."

ಒಳಗೆ ಒಂಬತ್ತು ಫೋಟೋ ಪ್ರತಿಗಳಿದ್ದವು. ಒಂಬತ್ತು ಗುಂಪುಗಳು, ಒಂಬತ್ತು ಜನ ಹಿರಿಯರು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. ಪ್ರತಿಯೊಬ್ಬರ ಸುತ್ತ ಮೂರು, ನಾಲ್ಕು ಸೂಜಿರಂಧ್ರ. ಕೆಲವು ಕಡೆ ಕೈ ತಪ್ಪಿ ಪಕ್ಕದಲ್ಲಿ ಗೀರಿತ್ತು, ಅಲ್ಲಿ ಮತ್ತೊಮ್ಮೆ ಸರಿಯಾಗಿ ಚುಚ್ಚಿದ್ದರು. ನನ್ನ ಅರ್ಧ ಕೆಲಸ ಮುಗಿಸಿಟ್ಟು ಅವರು ನನಗಾಗಿ ಕಾದಿದ್ದರು.

ಒಂಬತ್ತನ್ನೂ ಆ ವಾರವೇ ಮಾಡಿದೆ. ರಂಧ್ರವಿದ್ದಲ್ಲೇ ಬಿಂದು ಇಟ್ಟೆ, ದಾರ ಒಂದರಲ್ಲೂ ಜಾರಲಿಲ್ಲ. ಕಾಕಾನ ಫೋಟೋವನ್ನೂ ಕಿವಿ ಸಮೇತ ಮತ್ತೆ ಮಾಡಿ ಕಾಕುಗೆ ಕೊಟ್ಟೆ. ಈಗ ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳಿಗೆ ಮೊದಲ ಪಾಠದಲ್ಲಿ ಆ ಸೂಜಿ ಚುಚ್ಚಿದ ಪ್ರತಿಗಳನ್ನು ತೋರಿಸುತ್ತೇನೆ. ಅವರು ಬೆರಗಾಗುತ್ತಾರೆ, ನನಗೂ ಪ್ರತಿ ಸಲ ಹೊಸದಾಗಿ ಖುಷಿಯಾಗುತ್ತದೆ. ಮುಂದಿನ ಬದಿಯನ್ನಷ್ಟೇ ತೋರಿಸುತ್ತೇನೆ. ಹಿಂದೆ ಕಾಕಾ ಪೆನ್ಸಿಲಿನಲ್ಲಿ, ನಡುಗುವ ಅಕ್ಷರದಲ್ಲಿ ಬರೆದ, ನಾನು ಬರುವ ಮೊದಲೇ ದಾಟಿಹೋಗಿದ್ದ ದಿನಗಳನ್ನು ತೋರಿಸುವುದಿಲ್ಲ. ಒಂದರ ಮೇಲೆ ಶುಕ್ರವಾರ ಬೇಕು ಎಂದಿದೆ. ಇನ್ನೊಂದರ ಮೇಲೆ ಸೋಮವಾರ ಮುಂಜಾನೆ, ತಪ್ಪಬಾರದು ಎಂದಿದೆ.